ಬಿಪಿ ಇದೆ, ಹರಿವು ಇದೆಯೇ? ಅಪಾಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ ಮತ್ತು ರಕ್ತಪರಿಚಲನೆಯನ್ನು ಕಾಯುವ ಕ್ರಮ

ರಾತ್ರಿ 11 ಗಂಟೆ. ಜಿಲ್ಲಾಸ್ಪತ್ರೆಗೆ 68 ವರ್ಷದ ರೈತರೊಬ್ಬರು ಬಂದಿದ್ದಾರೆ. ಎರಡು ದಿನದಿಂದ ಹೊಟ್ಟೆನೋವು, ವಾಂತಿ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದೆ. ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಾಣುತ್ತಿದೆ: ಜಠರವೋ ಕರುಳೋ ತೂತಾಗಿದೆ, ಬೆಳಗಿನ ತನಕ ಕಾಯುವಂತಿಲ್ಲ. ತೂಕ 60 ಕೆ.ಜಿ. ಬಿಪಿಗೆ ಟೆಲ್ಮಿಸಾರ್ಟನ್, ಸಕ್ಕರೆಗೆ ಮಾತ್ರೆ. ಪಲ್ಸ್ 124, ಬಿಪಿ 96/54. ಸರ್ಜನ್ ಆಗಲೇ ಓಟಿ ಸಿದ್ಧ ಮಾಡಿಸುತ್ತಿದ್ದಾರೆ. ಅರಿವಳಿಕೆ ಕೊಡಬೇಕಾದವರು ನೀವು.

ಈ ಅಜ್ಜ ಒಬ್ಬ ವ್ಯಕ್ತಿಯಲ್ಲ, ನಾನು ನೋಡಿದ ಹಲವರನ್ನು ಸೇರಿಸಿ ಬರೆದ ಚಿತ್ರ. ಅನಸ್ತೇಸಿಯಾ ಕಲಿಯುತ್ತಿರುವವರನ್ನು, ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿರುವ ಡೋಸುಗಳು ವಯಸ್ಕರವು. ನಿಮ್ಮ ವಿಭಾಗದ ಕ್ರಮದೊಂದಿಗೆ ತಾಳೆ ನೋಡಿ, ಹಿರಿಯರನ್ನು ಕೇಳಿಯೇ ಬಳಸಿ. ರೋಗಿಯ ಮನೆಯವರು ಓದಿದರೂ ಒಳ್ಳೆಯದೇ, ಓಟಿಯ ಬಾಗಿಲ ಹಿಂದೆ ಏನು ನಡೆಯುತ್ತದೆಂದು ಅವರಿಗೂ ತಿಳಿಯಲಿ.

ಮೊದಲು ಅಜ್ಜನ ಮೀನ್ ಬಿಪಿ, ಅಂದರೆ ಸರಾಸರಿ ಒತ್ತಡ, ಲೆಕ್ಕ ಹಾಕಿ. ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕೆಳಗಿನ ಅಂಕಿಗೆ ಕೂಡಿದರೆ 68. ನಾವೆಲ್ಲ ಬಾಯಿಪಾಠ ಮಾಡಿದ ಗಡಿ 65. ಹಾಗಾದರೆ ಪರವಾಗಿಲ್ಲವೇ? ಅಜ್ಜನ ಕೈ ಮುಟ್ಟಿ ನೋಡಿ, ತಣ್ಣಗಿದೆ. ಬೆರಳ ತುದಿ ಒತ್ತಿ ಬಿಟ್ಟರೆ ಬಣ್ಣ ಮರಳಲು 5 ಸೆಕೆಂಡು ಹಿಡಿಯುತ್ತದೆ. ಅಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ 4.6. ಮನೆಯಲ್ಲಿ ಇವರ ಬಿಪಿ 150/90 ಇರುತ್ತಿತ್ತು ಎಂದು ಮಗ ಹೇಳುತ್ತಾನೆ, ಅಂದರೆ ಮೀನ್ 110. ಅಲ್ಲಿಂದ 68ಕ್ಕೆ ಇಳಿದಿದೆ.

ಪಂಪ್‌ಸೆಟ್ ಇರುವ ಯಾರಿಗಾದರೂ ಇದು ಗೊತ್ತು. ಮೋಟಾರಿನ ಪಕ್ಕದ ಗೇಟ್‌ವಾಲ್ವನ್ನು ಮುಕ್ಕಾಲು ಮುಚ್ಚಿದರೆ ಮೀಟರಿನ ಮುಳ್ಳು ಮೇಲೇರುತ್ತದೆ, ಗದ್ದೆಯ ಕೊನೆಯ ಸಾಲು ಒಣಗುತ್ತದೆ. ಬಿಪಿ ಆ ಮುಳ್ಳು. ಮೂತ್ರಪಿಂಡ, ಕರುಳು, ಮೆದುಳು ಕೊನೆಯ ಸಾಲುಗಳು. ಮುಂದೆ ಬರೆಯುವ ಎಲ್ಲ ಹಂತಗಳಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯ ಸಾಲಿಗೆ ನೀರು ಮುಟ್ಟಿದೆಯೇ?

ಅಂಕಿಯಲ್ಲೂ ಹೇಳಬಹುದು. ಆರೋಗ್ಯವಂತರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಪ್ರತಿ ಲೀಟರಿನಲ್ಲಿ ಸುಮಾರು 200 ಮಿ.ಲೀ. ಆಮ್ಲಜನಕ, ಒಟ್ಟು 1000 ಮಿ.ಲೀ. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವುದು 250ರಷ್ಟು. ನಮ್ಮ ಅಜ್ಜನ ಹಿಮೋಗ್ಲೋಬಿನ್ 10. ಹೃದಯ ದೂಡುವುದು 3.5 ಲೀಟರಿಗೆ ಇಳಿದಿದ್ದರೆ ಸರಬರಾಜು ಸುಮಾರು 460 ಮಿ.ಲೀ. ಸೋಂಕು, ಜ್ವರದಿಂದ ಖರ್ಚು ಮಾತ್ರ ಏರಿದೆ. ಮಾನಿಟರ್ ಮೇಲೆ ಸ್ಯಾಚುರೇಷನ್ 98 ಎಂದು ಕಂಡರೂ ಈ ಕೊರತೆ ಅದರಲ್ಲಿ ಕಾಣುವುದಿಲ್ಲ.

ಹಂತ 1: ಅಪಾಯ ಅಳೆಯುವುದು

ತುರ್ತಿನಲ್ಲಿ ಇದಕ್ಕೆ ಸಿಗುವುದು ಹತ್ತು ನಿಮಿಷ. ಆರು ಸಂಗತಿ ಎಣಿಸಿ: ಹೊಟ್ಟೆ, ಎದೆ ಅಥವಾ ದೊಡ್ಡ ರಕ್ತನಾಳದ ಶಸ್ತ್ರಚಿಕಿತ್ಸೆಯೇ, ಹೃದಯದ ರಕ್ತನಾಳದ ಕಾಯಿಲೆ ಇದೆಯೇ, ಹಾರ್ಟ್ ಫೇಲ್ಯೂರ್ ಆಗಿತ್ತೇ, ಪಾರ್ಶ್ವವಾಯು ಹೊಡೆದಿತ್ತೇ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆಯೇ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2 ದಾಟಿದೆಯೇ. 1999ರಲ್ಲಿ ಲೀ ಮತ್ತು ಸಂಗಡಿಗರು ಕೊಟ್ಟ ಈ ಪಟ್ಟಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆದರೆ ತುರ್ತು, ಸೋಂಕು, ವಯಸ್ಸು ಅದರ ಲೆಕ್ಕದಲ್ಲಿಲ್ಲ. ಅಜ್ಜನಿಗೆ ಅದರಲ್ಲಿ ಕಡಿಮೆ ಅಂಕ ಬರಬಹುದು, ಅದರಿಂದ ಮೋಸ ಹೋಗಬೇಡಿ.

ಹೃದಯದ ಶಕ್ತಿ ತಿಳಿಯಲು ‘ಎಷ್ಟು ಮಹಡಿ ಹತ್ತುತ್ತೀರಿ?’ ಎಂದು ಕೇಳಿದರೆ ಹಳ್ಳಿಯ ಅಜ್ಜ ಏನು ಹೇಳಬೇಕು? ಅವರ ಬದುಕಿನಿಂದಲೇ ಪ್ರಶ್ನೆ ತೆಗೆಯಿರಿ. ‘ಅಜ್ಜ, ಹುಲ್ಲಿನ ಹೊರೆ ಹೊತ್ತುಕೊಂಡು ಹೊಲದಿಂದ ಮನೇವರೆಗೆ ನಿಲ್ಲದೆ ಬರ್ತಿದ್ರಾ? ಮಧ್ಯ ಎಲ್ಲಾದರೂ ಕೂರ್ತಿದ್ರಾ? ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ವ್ಯತ್ಯಾಸ?’ ಅಜ್ಜಿಯಾದರೆ ಎರಡು ಕೊಡ ನೀರು ತರುವ ಬಗ್ಗೆ ಕೇಳಿ. ಮುಖ ನೋಡಿ ‘ಗಟ್ಟಿಮುಟ್ಟಾಗಿದ್ದಾರೆ’ ಎಂದು ವೈದ್ಯರು ಮಾಡುವ ಅಂದಾಜು ನಂಬಲು ತಕ್ಕದ್ದಲ್ಲ ಎಂದು 2018ರ ಮೆಟ್ಸ್ ಅಧ್ಯಯನ ತೋರಿಸಿತು. ದಿನಬಳಕೆಯ ಕೆಲಸಗಳನ್ನು ಒಂದೊಂದಾಗಿ ಕೇಳುವ ಪ್ರಶ್ನಾವಳಿ ಆ ಅಂದಾಜಿಗಿಂತ ಉತ್ತಮ ಎಂದು ಕಂಡುಬಂತು.

ಸ್ಟೆತಾಸ್ಕೋಪನ್ನು ಮರೆಯಬೇಡಿ. ಎದೆಯ ಬಲ ಮೇಲ್ಭಾಗದಲ್ಲಿ ಒರಟು ಮರ್ಮರ ಕೇಳಿ, ಅದು ಕುತ್ತಿಗೆಗೂ ಹರಿದರೆ ಮಹಾಪಧಮನಿಯ ಕವಾಟ ಕಿರಿದಾಗಿರಬಹುದು. ಅಂಥವರಲ್ಲಿ ಬಿಪಿ ಒಮ್ಮೆ ಕುಸಿದರೆ ಹೃದಯದ ಸ್ವಂತ ರಕ್ತನಾಳಗಳಿಗೇ ರಕ್ತ ಸಾಲದೆ, ಎತ್ತುವುದು ಬಹಳ ಕಷ್ಟ. ಇಂಥ ಅನುಮಾನ ಬಂದರೆ ಐದು ನಿಮಿಷದ ಬೆಡ್‌ಸೈಡ್ ಎಕೋ ಮಾಡಿಸಿ. ಆದರೆ ಕರುಳು ತೂತಾದವರನ್ನು ಎಕೋಗಾಗಿ ಬೆಳಗಿನವರೆಗೆ ಕಾಯಿಸಬೇಡಿ.

ಮಾತ್ರೆಗಳ ವಿಷಯ. ಹೃದಯಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಿ, ಶಸ್ತ್ರಚಿಕಿತ್ಸೆಯ ದಿನ ಹೊಸದಾಗಿ ಶುರು ಮಾಡಬೇಡಿ. 2008ರ ಪಾಯ್ಸ್ ಅಧ್ಯಯನದಲ್ಲಿ 8351 ರೋಗಿಗಳಿದ್ದರು. ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಪಡೆದವರಲ್ಲಿ ಹೃದಯಾಘಾತ ಕಡಿಮೆಯಾಯಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು. ಹೃದಯಕ್ಕೆ ಒಳ್ಳೆಯದೆಂದು ಕೊಟ್ಟದ್ದು ಒಟ್ಟು ಹರಿವನ್ನು ಕೆಡಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ನನಗೆ ಗೊತ್ತಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪನ್ನು ಯೋಜಿತ ಶಸ್ತ್ರಚಿಕಿತ್ಸೆಗೆ 24 ಗಂಟೆ ಮೊದಲು ನಿಲ್ಲಿಸುವುದು ನನ್ನ ರೂಢಿ. ನುಂಗಿದ್ದರೆ ಅದಕ್ಕಾಗಿ ಮುಂದೂಡುವ ಅಗತ್ಯವಿಲ್ಲ, ಬಿಪಿ ಇಳಿಯುವುದಕ್ಕೆ ಸಿದ್ಧರಾಗಿರಿ ಅಷ್ಟೆ. ಸಕ್ಕರೆ ಮಾತ್ರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಆದರೆ ಮೂರು ದಿನ ಮೊದಲು ನಿಲ್ಲಿಸಬೇಕು. ತುರ್ತಿನಲ್ಲಿ ಸಕ್ಕರೆ ಸರಿಯಿದ್ದರೂ ಕೀಟೋನ್ (ಕೊಬ್ಬು ಕರಗಿ ರಕ್ತಕ್ಕೆ ಬರುವ ಆಮ್ಲ) ನೋಡಿ.

ಹಂತ 2: ಮದ್ದು ಕೊಡುವ ಮುನ್ನ ತುಂಬಿಸುವುದು

ಇಂಥವರಲ್ಲಿ ಇಂಡಕ್ಷನ್, ಅಂದರೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸುವ ಹೊತ್ತು, ಅನಾಹುತಕ್ಕೆ ದಾರಿಯಾಗಬಹುದು. ಅದನ್ನು ತಪ್ಪಿಸುವ ಕೆಲಸ ಅದಕ್ಕೂ ಮುಂಚೆಯೇ ಮುಗಿದಿರಬೇಕು. ಎರಡು ದಪ್ಪ ಕ್ಯಾನುಲಾ ಹಾಕಿ, ರಕ್ತ ಕ್ರಾಸ್‌ಮ್ಯಾಚ್‌ಗೆ ಕಳಿಸಿ, ಆಂಟಿಬಯಾಟಿಕ್ ತಕ್ಷಣ ಕೊಡಿ.

ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ) ಅನ್ನು ಬಾಟಲಿ ತೂಗುಹಾಕಿ ತನ್ನಷ್ಟಕ್ಕೆ ಹೋಗಲು ಬಿಡಬೇಡಿ. 250 ಮಿ.ಲೀ.ಯಂತೆ ಅಳೆದು, ಹತ್ತು ನಿಮಿಷದೊಳಗೆ ಒತ್ತಿ ಕೊಡಿ, ನಿಂತು ನೋಡಿ, ಆಮೇಲೆ ಮುಂದಿನದು. ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. ಎಂಬ ಸಲಹೆಯಿದೆ, ಅಜ್ಜನಿಗೆ ಅದು 1800 ಮಿ.ಲೀ. ಅದನ್ನು ಗುರಿಯೆಂದು ಹಿಡಿಯದೆ ಅಂದಾಜೆಂದು ಹಿಡಿಯಿರಿ. ಪ್ರತಿ 250ರ ನಂತರ ಪಲ್ಸ್ ಇಳಿಯಿತೇ, ಕೈ ಬೆಚ್ಚಗಾಯಿತೇ, ಶ್ವಾಸಕೋಶದ ತಳದಲ್ಲಿ ಕ್ರೆಪ್ಸ್ (ಚರಚರ ಸದ್ದು) ಕೇಳಿಸುತ್ತಿದೆಯೇ ನೋಡಿ.

ಬೆರಳ ತುದಿಯ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೀಗೆ. ಗಾಜಿನ ಸ್ಲೈಡಿನಿಂದ ಬೆರಳ ತುದಿಯನ್ನು ಬಿಳಿಚುವಂತೆ ಒತ್ತಿ, 10 ಸೆಕೆಂಡು ಹಿಡಿದು ಬಿಡಿ. ಬಣ್ಣ 3 ಸೆಕೆಂಡಿನೊಳಗೆ ಮರಳಬೇಕು. ಕೋಣೆಯ ಚಳಿಗೆ ಬೆರಳು ತಣ್ಣಗಾಗಿದ್ದರೆ ಉತ್ತರ ತಪ್ಪಾಗುತ್ತದೆ. 2019ರಲ್ಲಿ ಲ್ಯಾಟಿನ್ ಅಮೆರಿಕದ ಐಸಿಯುಗಳಲ್ಲಿ ಸೆಪ್ಟಿಕ್ ಶಾಕ್ ಆದ 424 ಮಂದಿಯ ಅಧ್ಯಯನ ನಡೆಯಿತು. ಒಂದು ಗುಂಪಿನ ಚಿಕಿತ್ಸೆ ಲ್ಯಾಕ್ಟೇಟ್ ನೋಡಿ, ಇನ್ನೊಂದರದು ಈ ಬೆರಳ ಪರೀಕ್ಷೆ ನೋಡಿ. ಬೆರಳು ನೋಡಿದ ಗುಂಪಿನಲ್ಲಿ ಸಾವು ಹೆಚ್ಚಾಗಲಿಲ್ಲ. ಲ್ಯಾಕ್ಟೇಟ್ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಗೆ ಇದು ದೊಡ್ಡ ಧೈರ್ಯ. ಖರ್ಚಿಲ್ಲದ ಈ ಪರೀಕ್ಷೆಯನ್ನು ನಾವೇ ಕಡೆಗಣಿಸಿದ್ದೇವೆ ಎಂಬ ಬೇಸರ ನನಗಿದೆ.

ಆರ್ಟೀರಿಯಲ್ ಲೈನ್ (ಪ್ರತಿ ಬಡಿತದ ಬಿಪಿ ತೋರಿಸಲು ಧಮನಿಗೆ ಹಾಕುವ ನಳಿಕೆ) ಹಾಕಲು ಅನುಕೂಲವಿದ್ದರೆ ರೋಗಿ ಎಚ್ಚರವಿರುವಾಗಲೇ, ಜಾಗ ಮರಗಟ್ಟಿಸಿ ಹಾಕಿ. ಅದರ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಲಿ. 10 ಸೆಂ.ಮೀ. ಕೆಳಗಿದ್ದರೆ 7–8 ಮಿ.ಮೀ. ಹೆಚ್ಚು ತೋರಿಸುತ್ತದೆ. ಟೇಬಲ್ ಏರಿಸಿದಾಗಲೆಲ್ಲ ಅದನ್ನೂ ಸರಿಪಡಿಸಿ. ಮೇಜು ಎತ್ತರಿಸಿದ್ದನ್ನು ಮರೆತು ‘ಬಿಪಿ ಸುಧಾರಿಸಿತು’ ಎಂದು ಸಮಾಧಾನಪಟ್ಟವರನ್ನು ನೋಡಿದ್ದೇನೆ.

ಹಂತ 3: ಇಂಡಕ್ಷನ್

ರಕ್ತನಾಳ ಬಿಗಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಬಿಪಿ ಕುಸಿದ ಮೇಲೆ ಹುಡುಕುವ ಮದ್ದಲ್ಲ, ಇಂಥವರಿಗೆ ಅದು ಮೊದಲೇ ಓಡುತ್ತಿರಬೇಕು. 4 ಮಿ.ಗ್ರಾಂ. ಅನ್ನು 250 ಮಿ.ಲೀ.ಗೆ ಬೆರೆಸಿದರೆ ಮಿ.ಲೀ.ಗೆ 16 ಮೈಕ್ರೋಗ್ರಾಂ. 60 ಕೆ.ಜಿ.ಗೆ, ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂನಂತೆ, ಗಂಟೆಗೆ ಸುಮಾರು 11 ಮಿ.ಲೀ. ಇಷ್ಟು ತೆಳುವಾಗಿದ್ದರೆ ಮುಂಗೈಗಿಂತ ಮೇಲಿನ ಒಳ್ಳೆಯ ರಕ್ತನಾಳದಲ್ಲಿ ಕೆಲವು ಗಂಟೆ ಕೊಡಬಹುದು. ಸೆಂಟ್ರಲ್ ಲೈನ್ (ದೊಡ್ಡ ಸಿರೆಗೆ ಹಾಕುವ ನಳಿಕೆ) ಇಲ್ಲವೆಂದು ತಡಮಾಡಬೇಡಿ. ಆ ಜಾಗ ಬಟ್ಟೆಯಡಿ ಮುಚ್ಚಿಹೋಗದೆ ಕಣ್ಣಿಗೆ ಕಾಣುತ್ತಿರಲಿ, ಊದಿದರೆ ತಕ್ಷಣ ಬದಲಿಸಿ.

ಪ್ರಜ್ಞೆ ತಪ್ಪಿಸುವ ಮದ್ದು ಕೀಟಮಿನ್ ಆಗಲಿ, ಎಟೊಮಿಡೇಟ್ ಆಗಲಿ, ಅಳತೆ ಕಡಿಮೆಯಿರಲಿ. ಕೀಟಮಿನ್ ಬಿಪಿ ಏರಿಸುತ್ತದೆ ಎಂಬ ಭರವಸೆ ಎರಡು ದಿನ ಹೋರಾಡಿ ದಣಿದ ದೇಹದಲ್ಲಿ ಸುಳ್ಳಾಗಬಹುದು. ವಯಸ್ಸಾದವರಲ್ಲಿ, ಶಾಕ್‌ನಲ್ಲಿ ರಕ್ತ ನಿಧಾನ ಸುತ್ತುತ್ತದೆ, ಕೈಗೆ ಕೊಟ್ಟದ್ದು ಮೆದುಳು ತಲುಪಲು ಹೊತ್ತು ಬೇಕು. ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ತಳ್ಳಿದರೆ ಎರಡೂ ಡೋಸು ಒಟ್ಟಿಗೆ ಬಂದು ಹೊಡೆಯುತ್ತವೆ. ಟ್ಯೂಬ್ ಹಾಕಿದ ಮೇಲೆ ಬ್ಯಾಗನ್ನು ಗಡಿಬಿಡಿಯಲ್ಲಿ ಹಿಸುಕಬೇಡಿ: ಎದೆಯೊಳಗಿನ ಒತ್ತಡ ಏರಿದಷ್ಟೂ ಹೃದಯಕ್ಕೆ ಮರಳುವ ರಕ್ತ ಕಡಿಮೆ. ಇಂಥ ಹೊಟ್ಟೆಗೆ, ಇಂಥ ಬಿಪಿಗೆ ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಬೇಡ.

ಹಂತ 4: ಬಿಪಿ ಇಳಿದಾಗ ‘ಯಾಕೆ?’ ಎಂದು ಕೇಳುವುದು

ಹೊಟ್ಟೆ ತೆರೆದಿದ್ದಾರೆ. ಮೀನ್ 58 ತೋರಿಸುತ್ತಿದೆ. ಕೈ ತಾನಾಗಿ ಆರ್‌ಎಲ್ ಬಾಟಲಿಯ ಕಡೆ ಹೋಗುತ್ತದೆ. ಹೋಗಲಿ, ಆದರೆ ಜೊತೆಗೇ ನಾಲ್ಕು ಸಾಧ್ಯತೆ ಎಣಿಸಿ: ಬಾವಿ ಬತ್ತಿದೆಯೇ, ಮೋಟಾರು ಸೋತಿದೆಯೇ, ಪೈಪು ಹಿಗ್ಗಿದೆಯೇ, ದಾರಿಗೆ ಏನಾದರೂ ಅಡ್ಡ ಬಿದ್ದಿದೆಯೇ?

ಬಾವಿ ಎಂದರೆ ರಕ್ತನಾಳದೊಳಗಿನ ದ್ರವ. ಹೃದಯದ ಪ್ರತಿ ಬಡಿತದ ಪ್ರಮಾಣ ಅಳೆಯುವ ಯಂತ್ರವಿದ್ದರೆ 250 ಮಿ.ಲೀ. ಕೊಟ್ಟು ನೋಡಿ, ಅದು ಶೇ. 10ಕ್ಕಿಂತ ಹೆಚ್ಚು ಏರಿದರೆ ಮತ್ತೊಮ್ಮೆ ಕೊಡಿ, ಏರದಿದ್ದರೆ ನಿಲ್ಲಿಸಿ. ಆರ್ಟೀರಿಯಲ್ ಲೈನ್ ಮಾತ್ರ ಇದ್ದರೆ ಅಲೆಯ ಎತ್ತರ ಉಸಿರಿನೊಂದಿಗೆ ಎಷ್ಟು ಬದಲಾಗುತ್ತಿದೆ ನೋಡಿ. ಪಲ್ಸ್ ಪ್ರೆಷರ್ (ಮೇಲಿನ, ಕೆಳಗಿನ ಬಿಪಿಯ ವ್ಯತ್ಯಾಸ) ಶೇ. 13ಕ್ಕಿಂತ ಹೆಚ್ಚು ಬದಲಾದರೆ ದ್ರವದಿಂದ ಪ್ರಯೋಜನ ಇರಬಹುದು. ಆದರೆ ಬಡಿತ ಕ್ರಮಬದ್ಧವಾಗಿರಬೇಕು, ವೆಂಟಿಲೇಟರ್ ಪೂರ್ತಿ ಉಸಿರಾಡಿಸುತ್ತಿರಬೇಕು, ಪ್ರತಿ ಉಸಿರು ಕೆ.ಜಿ.ಗೆ 8 ಮಿ.ಲೀ.ಯಷ್ಟಿರಬೇಕು, ಎದೆ ಮುಚ್ಚಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಅಂಕಿಗೆ ಬೆಲೆಯಿಲ್ಲ. ಏನೂ ಇಲ್ಲದಿದ್ದರೆ ಕ್ಯಾಪ್ನೋಗ್ರಾಫ್ ನೋಡಿ: ವೆಂಟಿಲೇಟರ್ ಸೆಟ್ಟಿಂಗ್ ಬದಲಿಸದೆಯೇ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂಕಿ ಥಟ್ಟನೆ ಇಳಿದರೆ, ಶ್ವಾಸಕೋಶಕ್ಕೆ ಬರುವ ರಕ್ತ ಕಡಿಮೆಯಾಗಿದೆ ಎಂದು ಮೊದಲು ಅನುಮಾನಿಸಿ. ಬಡವರ ಹರಿವಿನ ಮೀಟರ್ ಅದು.

ಎಷ್ಟು ದ್ರವ ಎಂಬ ಜಗಳಕ್ಕೆ 2018ರ ರಿಲೀಫ್ ಅಧ್ಯಯನ ಬಹುಪಾಲು ಉತ್ತರ ಕೊಟ್ಟಿದೆ. ದೊಡ್ಡ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 3000 ಮಂದಿಯಲ್ಲಿ, ಬಿಗಿಹಿಡಿದು ದ್ರವ ಕೊಟ್ಟವರಲ್ಲಿ ಶೇ. 8.6 ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು, ಧಾರಾಳವಾಗಿ ಕೊಟ್ಟವರಲ್ಲಿ ಶೇ. 5. ‘ಒಣಗಿಸಿಡುವುದೇ ಒಳ್ಳೆಯದು’ ಎಂಬ ಒಂದು ಕಾಲದ ಫ್ಯಾಷನ್ ಅಲ್ಲಿಗೆ ಮುಗಿಯಬೇಕಿತ್ತು. ಹಾಗೆಂದು ಮುಳುಗಿಸುವುದೂ ಅಲ್ಲ, ಊದಿದ ಕರುಳಿನ ಹೊಲಿಗೆ ಕೂಡುವುದಿಲ್ಲ.

ರಕ್ತ ಹೋಗುತ್ತಿದ್ದರೆ ದ್ರವದಿಂದ ಬಾವಿ ತುಂಬೀತು, ಆಮ್ಲಜನಕ ಹೊರುವವರು ಇರುವುದಿಲ್ಲ. ರಕ್ತಸ್ರಾವ ನಿಂತಿರುವವರಲ್ಲಿ ಹಿಮೋಗ್ಲೋಬಿನ್ 7ಕ್ಕೆ, ಹೃದಯದ ಕಾಯಿಲೆಯಿದ್ದರೆ 8ಕ್ಕೆ ಇಳಿದಾಗ ರಕ್ತ ಕೊಡುವುದು ವಾಡಿಕೆ. ಹರಿಯುತ್ತಲೇ ಇದ್ದರೆ ಅಂಕಿಗೆ ಕಾಯಬೇಡಿ.

ಮೋಟಾರು ಸೋತಿದೆಯೇ? ದ್ರವ ಕೊಟ್ಟರೂ ಏರದೆ, ಕುತ್ತಿಗೆಯ ಸಿರೆ ಉಬ್ಬಿದ್ದರೆ, ಎಕೋದಲ್ಲಿ ಎಡ ಹೃತ್ಕುಕ್ಷಿ ಸೋಮಾರಿಯಾಗಿ ಬಡಿಯುತ್ತಿದ್ದರೆ ಹೃದಯಕ್ಕೆ ಬಲ ಕೊಡುವ ಡೊಬ್ಯುಟಮಿನ್ ಅನ್ನು ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 2.5 ಮೈಕ್ರೋಗ್ರಾಂನಿಂದ ಶುರು ಮಾಡಿ. ಕಾರಣವಿಲ್ಲದೆ ಎಲ್ಲರಿಗೂ ಕೊಡುವಂಥದ್ದಲ್ಲ ಅದು. ಹರಿವಿನ ಯಂತ್ರ ನೋಡುತ್ತ ದ್ರವದ ಜೊತೆ ಕಡಿಮೆ ಡೋಸಿನ ಹೃದಯ ಉತ್ತೇಜಕವನ್ನು ವಾಡಿಕೆಯಾಗಿ ಕೊಟ್ಟ ಆಪ್ಟಿಮೈಸ್-2 ಅಧ್ಯಯನದಲ್ಲಿ ಸುಮಾರು 2500 ಮಂದಿಯಿದ್ದರು. 2024ರಲ್ಲಿ ಬಂದ ಫಲಿತಾಂಶದಲ್ಲಿ ಸೋಂಕು ಕಡಿಮೆಯಾಗಿರಲಿಲ್ಲ. ಪಲ್ಸ್ 130 ಇದ್ದರೆ ಅದನ್ನು ಇಳಿಸುವ ಮದ್ದಿಗೆ ಕೈಹಾಕುವ ಮುನ್ನ ನೋವು, ರಕ್ತಸ್ರಾವ, ಸೋಂಕು ನೋಡಿ. ಬಡಪಾಯಿ ಹೃದಯ ಓಡಿ ಸರಿದೂಗಿಸುತ್ತಿದೆ.

ಪೈಪು ಹಿಗ್ಗುವುದು ಅರಿವಳಿಕೆಯಿಂದ, ಸೆಪ್ಸಿಸ್‌ನಿಂದ, ಅಜ್ಜನ ವಿಷಯದಲ್ಲಿ ಟೆಲ್ಮಿಸಾರ್ಟನ್‌ನಿಂದಲೂ. ಅರಿವಳಿಕೆಯ ಗ್ಯಾಸ್ ಹೆಚ್ಚಾಗಿದೆಯೇ ನೋಡಿ, ನಾರ್‌ಅಡ್ರಿನಲಿನ್ ಏರಿಸಿ. ಅದು ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.25 ಮೈಕ್ರೋಗ್ರಾಂ ದಾಟಿದರೆ, ರಕ್ತನಾಳ ಬಿಗಿಸುವ ಇನ್ನೊಂದು ಮದ್ದು ವ್ಯಾಸೊಪ್ರೆಸಿನ್ ಸೇರಿಸುವುದನ್ನು ಯೋಚಿಸಿ. ಮೆಫೆಂಟರಮಿನ್ ನಮ್ಮ ಓಟಿಗಳಲ್ಲಿ ಸದಾ ಕೈಗೆ ಸಿಗುವ ಮದ್ದು, ಐದು ನಿಮಿಷದ ಆಸರೆಗೆ ಸರಿ. ಮೂರನೇ ಬಾರಿ ಅದನ್ನೇ ತಳ್ಳುತ್ತಿದ್ದೀರಿ ಎಂದರೆ ನಿಮಗೆ ಕಾರಣ ಸಿಕ್ಕಿಲ್ಲ ಎಂದರ್ಥ.

ಅಡ್ಡಿಗಳನ್ನು ಬೇಗ ನೋಡಿ ಮುಗಿಸಿ: ಎದೆಯಲ್ಲಿ ಗಾಳಿ ಸೇರಿದೆಯೇ, ಸರ್ಜನ್‌ರ ರಿಟ್ರಾಕ್ಟರ್ ದೊಡ್ಡ ಸಿರೆಯನ್ನು ಒತ್ತಿದೆಯೇ? ‘ಸರ್, ಒಂದು ನಿಮಿಷ ಕೈ ತೆಗೀರಿ’ ಎಂದು ಹೇಳಲು ಸಂಕೋಚ ಬೇಡ.

ಹಾಗಾದರೆ ಅಜ್ಜನ ಮೀನ್ ಎಷ್ಟಿರಬೇಕು? 2017ರ ಫ್ರೆಂಚ್ ಅಧ್ಯಯನವೊಂದರಲ್ಲಿ ಮೇಲಿನ ಬಿಪಿಯನ್ನು ರೋಗಿಯ ಸ್ವಂತ ಬಿಪಿಯ ಶೇ. 10ರ ಆಸುಪಾಸಿನಲ್ಲಿ ಹಿಡಿದಾಗ ಅಂಗಗಳ ತೊಂದರೆ ಶೇ. 51.7ರಿಂದ 38.1ಕ್ಕೆ ಇಳಿಯಿತು. ಆದರೆ ನಂತರ ಬಂದ ಪಾಯ್ಸ್-3ರಲ್ಲಿ ಮೀನ್ 80ಕ್ಕೆ ಏರಿಸಿದರೂ 60ಕ್ಕೆ ಬಿಟ್ಟರೂ ಹೃದಯ, ರಕ್ತನಾಳದ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಒಂದೇ ಅಂಕಿ ಹೇರಿದರೆ ಫಲವಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಹಳೆಯ ಬಿಪಿ ಕಾಯಿಲೆಯ ಈ ಅಜ್ಜನಿಗೆ 75–80 ಇಟ್ಟು, ಬೆರಳು, ಲ್ಯಾಕ್ಟೇಟ್ ನೋಡುತ್ತ ಹೋಗುತ್ತೇನೆ. 80 ತಲುಪಿಸಲು ನಾರ್‌ಅಡ್ರಿನಲಿನ್ ದುಪ್ಪಟ್ಟಾಗಿ, ಬೆರಳು ಇನ್ನೂ ತಣ್ಣಗಾದರೆ ವಾಲ್ವ್ ಮುಚ್ಚುತ್ತಿದ್ದೇನೆ ಎಂದು ತಿಳಿದು ಹಿಂದೆ ಸರಿಯುತ್ತೇನೆ.

ಮೈ ಬೆಚ್ಚಗಿರಲಿ, 36 ಡಿಗ್ರಿಗಿಂತ ಇಳಿಯದಿರಲಿ. ರಕ್ತ ಹೆಚ್ಚು ಕೊಟ್ಟಿದ್ದರೆ ಕ್ಯಾಲ್ಸಿಯಂ ನೋಡಿ.

ಹಂತ 5: ಓಟಿಯಿಂದ ಐಸಿಯುಗೆ

ಹೊಲಿಗೆ ಮುಗಿಯುವ ಹೊತ್ತಿಗೆ ಮೂರು ಅಂಕಿ ಬರೆದುಕೊಳ್ಳಿ: ಹೋದ ರಕ್ತ, ಅತಿ ಕಡಿಮೆ ಮೀನ್ ಬಿಪಿ, ಅತಿ ಕಡಿಮೆ ಪಲ್ಸ್. 2007ರಲ್ಲಿ ಗವಾಂಡೆ ಮತ್ತು ಸಂಗಡಿಗರು ಇವಿಷ್ಟರಿಂದ ಸರ್ಜಿಕಲ್ ಅಪ್ಗಾರ್ ಎಂಬ ಹತ್ತು ಅಂಕದ ಅಪಾಯದ ಅಳತೆ ಮಾಡಿದರು. 4 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ವಾರ್ಡ್ ಸಾಲದು. ಐಸಿಯು ಹಾಸಿಗೆಗಾಗಿ ವಾದಿಸುವಾಗ ಈ ಅಂಕಿ ನಿಮ್ಮ ಕೈಯಲ್ಲಿರಲಿ.

ಸಾಗಿಸುವ ಹತ್ತು ನಿಮಿಷವನ್ನು ಹಗುರವಾಗಿ ನೋಡಬೇಡಿ. ನಾನು ಕಲಿಯುತ್ತಿದ್ದಾಗ ಲಿಫ್ಟಿನೊಳಗೆ ಸಿರಿಂಜ್ ಪಂಪಿನ ಬ್ಯಾಟರಿ ನಿಂತುಹೋಯಿತು. ಬಾಗಿಲು ತೆರೆಯುವಷ್ಟರಲ್ಲಿ ರೋಗಿಯ ನಾಡಿ ಸಿಗುತ್ತಿರಲಿಲ್ಲ. ಅವರು ಬದುಕಿದರು, ಆದರೆ ಆ ನಾಲ್ಕು ನಿಮಿಷ ನನಗೆ ಇನ್ನೂ ನೆನಪಿದೆ. ಚಾರ್ಜ್ ನೋಡಿ, ಹೊಸ ಸಿರಿಂಜ್ ಸಿದ್ಧ ಇಟ್ಟುಕೊಳ್ಳಿ, ಸಿರಿಂಜಿಗೆ ಎಳೆದು ಕೈಯಿಂದಲೇ ಕೊಡಬಹುದಾದ ಮದ್ದು ಜೇಬಿನಲ್ಲಿರಲಿ.

ಹಂತ 6: ಮೊದಲ ಮೂರು ದಿನ

ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಸಾವುಗಳಲ್ಲಿ ಹೆಚ್ಚಿನವು ನಡೆಯುವುದು ಓಟಿ ಟೇಬಲ್ ಮೇಲಲ್ಲ, ಆಮೇಲಿನ ದಿನಗಳಲ್ಲಿ. ಎಲ್ಲರೂ ಉಸಿರು ಬಿಟ್ಟು ಮನೆಗೆ ಹೋಗಿರುತ್ತಾರೆ. ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಮೂವತ್ತು ಹಾಸಿಗೆ ನೋಡುತ್ತಿರುತ್ತಾರೆ. ಆರು ಗಂಟೆಗೊಮ್ಮೆ ಬರೆಯುವ ಬಿಪಿಯ ನಡುವೆ ಎಷ್ಟೋ ಗಂಟೆ ಇಳಿದಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಹೃದಯದ ಪೆಟ್ಟು ಈ ಹೊತ್ತಿನಲ್ಲಿ ನೋವಿನಿಂದ ತನ್ನನ್ನು ಹೇಳಿಕೊಳ್ಳುವುದಿಲ್ಲ. 2017ರಲ್ಲಿ ಪ್ರಕಟವಾದ ವಿಷನ್ ಅಧ್ಯಯನ 21,842 ಮಂದಿಯ ಟ್ರೊಪೋನಿನ್ (ಹೃದಯಸ್ನಾಯುವಿನ ಪೆಟ್ಟು ತೋರಿಸುವ ರಕ್ತಪರೀಕ್ಷೆ) ನೋಡಿತು. ಹೃದಯಸ್ನಾಯುವಿಗೆ ಪೆಟ್ಟು ಬಿದ್ದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಎದೆನೋವಿನಂಥ ಲಕ್ಷಣವೇ ಇರಲಿಲ್ಲ. ಆದ್ದರಿಂದ ಅಪಾಯ ಹೆಚ್ಚಿರುವವರಿಗೆ ಮೊದಲ ಎರಡು-ಮೂರು ದಿನ ದಿನಕ್ಕೊಮ್ಮೆ ಟ್ರೊಪೋನಿನ್ ಮಾಡಿಸಿ. ಏರಿದರೆ ಇಸಿಜಿ ತೆಗೆಯಿರಿ, ಬಿಪಿ, ಹಿಮೋಗ್ಲೋಬಿನ್, ಆಮ್ಲಜನಕ ಸರಿಪಡಿಸಿ, ಸ್ಟ್ಯಾಟಿನ್ ಮತ್ತು ಆಸ್ಪಿರಿನ್ ಬಗ್ಗೆ ಹೃದ್ರೋಗ ತಜ್ಞರನ್ನೂ ಸರ್ಜನ್‌ರನ್ನೂ ಒಟ್ಟಿಗೆ ಕೂರಿಸಿ ತೀರ್ಮಾನಿಸಿ.

ಹಾಸಿಗೆಯ ತಲೆಬದಿಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಕನ್ನಡದಲ್ಲೇ ಬರೆಯಿರಿ: ಮೀನ್ 70ಕ್ಕಿಂತ ಕೆಳಗೆ, ಪಲ್ಸ್ 110ಕ್ಕಿಂತ ಮೇಲೆ, ಎರಡು ಗಂಟೆ ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಬೆರಳು ತಣ್ಣಗೆ, ಮಾತು ತೊದಲು ಅಥವಾ ಗೊಂದಲ, ಇವುಗಳಲ್ಲಿ ಯಾವುದು ಕಂಡರೂ ಈ ನಂಬರಿಗೆ ಫೋನ್ ಮಾಡಿ. ಮಗನಿಗೂ ಹೇಳಿ: ‘ನೋಡಪ್ಪ, ನಿಮ್ಮ ತಂದೆ ಊರಿನವರ ಹೆಸರು ತಪ್ಪುತಪ್ಪಾಗಿ ಹೇಳೋಕೆ ಶುರು ಮಾಡಿದ್ರೆ ವಯಸ್ಸಾಯ್ತು ಅಂತ ಬಿಡಬೇಡ. ಸಿಸ್ಟರ್‌ನ ಕರಿ.’ ಮೆದುಳಿಗೆ ರಕ್ತ ಸಾಲದಿರುವುದನ್ನು, ಸೋಂಕು ಏರುತ್ತಿರುವುದನ್ನು ಮೊದಲು ಗುರುತಿಸುವವರು ಬಹಳ ಸಲ ಮನೆಯವರೇ.

ಮೂತ್ರ ಕಡಿಮೆಯಾದ ತಕ್ಷಣ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ತಳ್ಳಬೇಡಿ, ಬಾವಿ ನೋಡಿ. ಇನ್ನೊಂದು ಕಡೆ, ಎರಡನೇ ಮೂರನೇ ದಿನದ ಹೊತ್ತಿಗೆ ಮೈಯಲ್ಲಿ ಸೇರಿ ಊತ ತಂದ ದ್ರವ ರಕ್ತನಾಳಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಓಡುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕುಡಿಯಲು ಶುರು ಮಾಡಿದವರ ಡ್ರಿಪ್ ನಿಲ್ಲಿಸಿ. ಇದೇ ದಿನಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯಬಡಿತದ ತಾಳ ತಪ್ಪುವುದು) ಕಾಣಿಸಿಕೊಳ್ಳುವುದೂ ಉಂಟು. ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ, ಹೊಟ್ಟೆಯೊಳಗೆ ಹೊಲಿಗೆ ಸೋರುತ್ತಿದೆಯೇ ಎಂದು ಸರ್ಜನ್‌ರನ್ನು ಕೇಳಿ.

ನಿಲ್ಲಿಸಿದ ಮಾತ್ರೆಗಳನ್ನು ಮತ್ತೆ ಶುರು ಮಾಡುವುದನ್ನು ಯಾರೂ ನೆನಪಿಡುವುದಿಲ್ಲ. ಬೀಟಾ ಬ್ಲಾಕರ್ ಆದಷ್ಟು ಬೇಗ, ಬಿಪಿ ನಿಂತು ಕ್ರಿಯಾಟಿನಿನ್ ಇಳಿದ ಮೇಲೆ ಟೆಲ್ಮಿಸಾರ್ಟನ್. ಅಜ್ಜನ ಡಿಸ್‌ಚಾರ್ಜ್ ಚೀಟಿಯಲ್ಲಿ ಯಾವ ಮಾತ್ರೆ, ಯಾವ ದಿನದಿಂದ, ಬಿಪಿ ಮತ್ತು ಕ್ರಿಯಾಟಿನಿನ್ ಮತ್ತೆ ಯಾವಾಗ ನೋಡಿಸಬೇಕು ಎಂದು ಬರೆದು, ಅದನ್ನು ಮಗನಿಗೆ ಓದಿ ಹೇಳಿ ಕೈಗೆ ಕೊಡಿ.